ಬಟನ್ ಬಿಟ್ಟು ಬ್ಯಾಟ್ ಹಿಡಿದ ಆಟ

2006ರ ನವೆಂಬರ್ ತಿಂಗಳಲ್ಲಿ ಎರಡು ಆಟದ ಸಾಮಾನು ಹೊರದೇಶದ ಮಾರುಕಟ್ಟೆಗೆ ಬಂದವು. ಒಂದು, ಇಎ ಸ್ಪೋರ್ಟ್ಸ್ ಕಂಪನಿಯ ‘ಕ್ರಿಕೆಟ್ 07’. ಇನ್ನೊಂದು, ಜಪಾನಿನ ನಿಂಟೆಂಡೊ ಕಂಪನಿಯ ‘ವೀ’ ಯಂತ್ರ. ಅಮೆರಿಕದಲ್ಲಿ ಅದರ ಡಬ್ಬದೊಳಗೇ ‘ವೀ ಸ್ಪೋರ್ಟ್ಸ್’ ಎಂಬ ಆಟವೂ ಇತ್ತು. ಮೊದಲನೆಯದು ಸಿ.ಡಿ., ಪೆನ್‌ಡ್ರೈವ್ ಹತ್ತಿ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಸೈಬರ್ ಸೆಂಟರ್‌ಗಳಿಗೂ ಕಾಲೇಜು ಹುಡುಗರ ಕಂಪ್ಯೂಟರ್‌ಗಳಿಗೂ ಬಂತು, ವರ್ಷಗಟ್ಟಲೆ ಅಲ್ಲೇ ಉಳಿಯಿತು. ಎರಡನೆಯದನ್ನು ನಮ್ಮ ವಯಸ್ಸಿನವರು ಬಹುತೇಕ ಪತ್ರಿಕೆಯಲ್ಲಿ ಓದಿದ್ದಷ್ಟೆ.

ಬೆರಳು ಒತ್ತಿ ಆಡುವ ಆಟದ ಕೊನೆಯ ದೊಡ್ಡ ಕಾಲ, ಕೈ ಬೀಸಿ ಆಡುವ ಆಟದ ಮೊದಲ ದೊಡ್ಡ ಕಾಲ, ಎರಡೂ ಒಂದೇ ತಿಂಗಳಲ್ಲಿ ಸೇರಿಕೊಂಡವು. ಕ್ರಿಕೆಟ್ ಎಂಬ ಆಟವನ್ನು ಬಟನ್ನಿನಿಂದ ಬಿಡಿಸಿ ಕೈಗೆ ಕೊಡಲು ಎಷ್ಟು ಒದ್ದಾಟ ನಡೆಯಿತು, ಆ ಒದ್ದಾಟದ ಫಲ ಈಗ ನಿಜವಾದ ಬ್ಯಾಟಿನ ಬೆನ್ನಿಗೆ ಬಂದು ಹೇಗೆ ಕೂತಿದೆ ಎಂಬುದನ್ನು ನಾವು ಇಲ್ಲಿ ಬರೆಯುತ್ತಿದ್ದೇವೆ. ದೂರದ ಕಥೆ ಅನ್ನಿಸಬಹುದು. ಆದರೆ ನಾಳೆ ನಮ್ಮ ಹೋಬಳಿ ಮಟ್ಟದ ಹುಡುಗ, ಹುಡುಗಿಯನ್ನು ಅಳೆಯುವ ಗಜಕಡ್ಡಿ ಇದೇ ಆಗುವ ಸಾಧ್ಯತೆ ಇದೆ.

ಗುಂಡಿ, ಪಿಸ್ತೂಲು, ಬಾಣದ ಕೀಲಿ

ಪರದೆಯ ಮೇಲೆ ಮೊದಮೊದಲು ಬಂದ ಆಟಗಳಲ್ಲೇ ಕ್ರೀಡೆಯೂ ಇತ್ತು. 1958ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ವಿಲಿಯಂ ಹಿಗಿನ್‌ಬಾಥಮ್ ಎಂಬ ಭೌತವಿಜ್ಞಾನಿ, ನೋಡಲು ಬಂದ ಜನರಿಗೆ ಬೇಸರವಾಗದಿರಲಿ ಎಂದು ಆಸಿಲೋಸ್ಕೋಪ್ ಪರದೆಯ ಮೇಲೆ ಟೆನಿಸ್ ಆಡಿಸಿದರು. ಚೆಂಡು ಯಾವ ಕೋನದಲ್ಲಿ ಹೋಗಬೇಕು ಎನ್ನುವುದಕ್ಕೆ ಒಂದು ತಿರುಗಣೆ, ಹೊಡೆಯುವುದಕ್ಕೆ ಒಂದು ಗುಂಡಿ. ಅಲ್ಲಿಂದ ಸುಮಾರು ಐವತ್ತು ವರ್ಷ ಇದೇ ವ್ಯಾಕರಣ ನಡೆಯಿತು: ಇಡೀ ಮೈ ಮಾಡುವ ಕೆಲಸವನ್ನು ಹೆಬ್ಬೆರಳು ಮಾಡುವುದು.

ತೊಂಬತ್ತರ ದಶಕದಲ್ಲಿ ನಮ್ಮ ಊರುಗಳಿಗೆ ಬಂದ ‘ಟಿವಿ ಗೇಮ್’ ನಿಂಟೆಂಡೊ 1983ರಲ್ಲಿ ತಂದ ಫ್ಯಾಮಿಕಾಂ ಯಂತ್ರದ ನಕಲು. ಅದರ ಜೊತೆ ಬರುತ್ತಿದ್ದ ಪ್ಲಾಸ್ಟಿಕ್ ಪಿಸ್ತೂಲು ನಮ್ಮ ಪೀಳಿಗೆ ಕಂಡ ಮೊದಲ ‘ಚಲನೆಯ’ ಕಂಟ್ರೋಲರ್. ಬಾತುಕೋಳಿಗೆ ಗುರಿ ಇಟ್ಟು ಕುದುರೆ ಎಳೆದರೆ ಕೋಳಿ ಬೀಳುತ್ತಿತ್ತು. ಪಿಸ್ತೂಲಿನಿಂದ ಟಿವಿಗೆ ಏನೋ ಹೋಗುತ್ತದೆ ಎಂದೇ ಎಲ್ಲರೂ ತಿಳಿದಿದ್ದರು. ಕೆಲಸ ನಡೆಯುತ್ತಿದ್ದದ್ದು ತಿರುವುಮುರುವಾಗಿ. ಕುದುರೆ ಎಳೆದ ಕ್ಷಣ ಪರದೆ ಕಪ್ಪಾಗಿ, ಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ಮಿಂಚುತ್ತಿತ್ತು. ಪಿಸ್ತೂಲಿನ ನಳಿಗೆಯೊಳಗಿನ ಬೆಳಕಿನ ಸಂವೇದಕ ಆ ಬಿಳುಪು ಕಂಡರೆ ಕೋಳಿ ಸತ್ತ ಲೆಕ್ಕ. ಹಳೆಯ ಪಿಕ್ಚರ್ ಟ್ಯೂಬ್ ಟಿವಿ ಹೋಗಿ ಎಲ್‌ಸಿಡಿ ಬಂದ ಮೇಲೆ ಆ ಪಿಸ್ತೂಲುಗಳು ಕೆಲಸಕ್ಕೆ ಬಾರದೆ ಹೋದದ್ದು ಇದರಿಂದಲೇ. ಪರದೆ ಬೆಳಗುವ ರೀತಿ, ಹೊತ್ತು ಎರಡೂ ಬದಲಾದವು.

‘ಕ್ರಿಕೆಟ್ 07’ರಲ್ಲಿ ಬಾಣದ ಕೀಲಿ ದಿಕ್ಕು ಹೇಳುತ್ತಿತ್ತು, ಅಕ್ಷರದ ಕೀಲಿ ಹೊಡೆತ ಹೇಳುತ್ತಿತ್ತು. ಅದೇ ಆಟದ ಪ್ಲೇಸ್ಟೇಷನ್ ಆವೃತ್ತಿಯಲ್ಲಿ ‘ಸೆಂಚುರಿ ಸ್ಟಿಕ್’ ಎಂಬುದೊಂದಿತ್ತು. ಬಟನ್ ಒತ್ತುವ ಬದಲು ಕಂಟ್ರೋಲರಿನ ಪುಟ್ಟ ಕಡ್ಡಿಯನ್ನು ತಳ್ಳಿ ಹೊಡೆಯಬೇಕು. ಹೌದು, ಇಲ್ಲ ಎಂಬ ಎರಡೇ ಮಾತು ಬಲ್ಲ ಗುಂಡಿಯಿಂದ, ಎತ್ತ ಎಂದು ಹೇಳಬಲ್ಲ ಕಡ್ಡಿಗೆ ಅದೊಂದು ಹೆಜ್ಜೆ.

ಬಸ್ಸಿನಲ್ಲಿ ನಿಂತವರಿಗೆ ಗೊತ್ತಿರುವ ವಿಜ್ಞಾನ

ಕೈ ಬೀಸಿ ಆಡುವ ಯತ್ನ ವೀಗಿಂತ ಹಳೆಯದು. 1989ರಲ್ಲಿ ಅಮೆರಿಕದಲ್ಲಿ ‘ಪವರ್ ಗ್ಲೋವ್’ ಎಂಬ ಕೈಗವಸು ಬಂತು, ನೆಟ್ಟಗೆ ಕೆಲಸ ಮಾಡದೆ ಸೋತಿತು. 2003ರಲ್ಲಿ ಸೋನಿ ‘ಐಟಾಯ್’ ಎಂಬ ಕ್ಯಾಮೆರಾ ತಂದಿತು. 2004ರಲ್ಲಿ ಜಪಾನಿನ ‘ಝೇವಿಕ್ಸ್‌ಪೋರ್ಟ್’ ಬ್ಯಾಟು, ರಾಕೆಟ್ಟು, ಬೌಲಿಂಗ್ ಚೆಂಡಿನ ಆಕಾರದಲ್ಲೇ ಕಂಟ್ರೋಲರ್ ಮಾಡಿತು. ಆದರೆ ಮನೆಮನೆಗೆ ಮುಟ್ಟಿದ್ದು ವೀ. ಒಟ್ಟು 10 ಕೋಟಿಗೂ ಹೆಚ್ಚು ಯಂತ್ರ ಮಾರಾಟವಾದವು.

ವೀ ರಿಮೋಟಿನೊಳಗೆ ಇದ್ದದ್ದು ಆಕ್ಸಿಲರೋಮೀಟರ್ ಎಂಬ ಸಣ್ಣ ಚಿಪ್ಪು. ಅದರ ಕೆಲಸ ತಿಳಿಯಲು ತುಮಕೂರು ಬಸ್ಸಿನಲ್ಲಿ ನಿಂತು ಪ್ರಯಾಣ ಮಾಡಿದ್ದರೆ ಸಾಕು. ಡ್ರೈವರ್ ಬ್ರೇಕ್ ಹಾಕಿದರೆ ಮುಂದಕ್ಕೆ ಮುಗ್ಗರಿಸುತ್ತೇವೆ, ಆಕ್ಸಿಲರೇಟರ್ ಒತ್ತಿದರೆ ಹಿಂದಕ್ಕೆ ವಾಲುತ್ತೇವೆ. ಕಣ್ಣು ಮುಚ್ಚಿದ್ದರೂ ಬಸ್ಸಿನ ವೇಗ ಬದಲಾದದ್ದು ಮೈಗೆ ಗೊತ್ತಾಗುತ್ತದೆ. ಚಿಪ್ಪಿನೊಳಗೂ ಕಣ್ಣಿಗೆ ಕಾಣದಷ್ಟು ಸಣ್ಣದೊಂದು ತೂಕ ಹೀಗೇ ವಾಲುತ್ತದೆ. ಅದು ಎಷ್ಟು ವಾಲಿತು ಎಂಬುದೇ ಅಂಕಿ. ಅಲುಗಾಡದೆ ಇದ್ದಾಗ ಭೂಮಿಯ ಸೆಳೆತವನ್ನೂ ಅದು ಗುರುತಿಸುತ್ತದೆ. ಮುಂದೆ ‘ಟೆಂಪಲ್ ರನ್’ ಆಡುವಾಗ ಮೊಬೈಲನ್ನು ಓರೆ ಮಾಡಿ ಕಾಸು ಹೆಕ್ಕಿದ್ದು ಇದರ ಬಲದಿಂದಲೇ.

ಆದರೆ ಬಸ್ಸಿನಲ್ಲಿ ಕಣ್ಣು ಮುಚ್ಚಿ ನಿಂತವರಿಗೆ ಕುಲುಕು ಗೊತ್ತಾಗುತ್ತದೆ, ರಸ್ತೆ ಎಷ್ಟು ತಿರುಗಿತು ಎಂದು ಕರಾರುವಾಕ್ಕಾಗಿ ಗೊತ್ತಾಗುವುದಿಲ್ಲ. ವೀ ರಿಮೋಟಿನ ಕೊರತೆಯೂ ಅದೇ. ಅದು ಅಳೆಯಬಲ್ಲದ್ದು ಭೂಮಿಯ ಸೆಳೆತದ ಸುಮಾರು ಮೂರು ಪಟ್ಟಿನವರೆಗೆ ಮಾತ್ರ. ಜೋರಾಗಿ ಬೀಸಿದರೆ ಆ ಮಿತಿ ದಾಟಿ ಅಂಕಿ ನಿಂತೇಬಿಡುತ್ತಿತ್ತು. ಹಾಗಾಗಿ ಆಟಕ್ಕೆ ಖಾತ್ರಿಯಾಗಿ ತಿಳಿಯುತ್ತಿದ್ದದ್ದು ಎರಡೇ: ಬೀಸಿದರು, ಇಂಥ ಹೊತ್ತಿಗೆ ಬೀಸಿದರು. ತಿರುಗುವಿಕೆ ಅಳೆಯುವ ಗೈರೋಸ್ಕೋಪ್ ಸೇರಿದ ‘ಮೋಷನ್‌ಪ್ಲಸ್’ ಎಂಬ ಬಾಲಂಗೋಚಿ 2009ರಲ್ಲಿ ಬಂದ ಮೇಲೆ ಮಣಿಕಟ್ಟಿನ ತಿರುವೂ ಲೆಕ್ಕಕ್ಕೆ ಬಂತು.

‘ವೀ ಸ್ಪೋರ್ಟ್ಸ್’ ಮಾಡಿದವರು ಈ ಕೊರತೆಯನ್ನು ಮುಚ್ಚಿದ ರೀತಿ ಜಾಣತನದ್ದು. ಟೆನಿಸ್ಸಿನಲ್ಲಿ ಚೆಂಡಿನ ಹತ್ತಿರ ಓಡುವ ಕೆಲಸವನ್ನು ಆಟವೇ ಮಾಡಿಕೊಂಡಿತು. ಆಡುವವರು ಬೀಸಿದರೆ ಸಾಕು. ಅಜ್ಜಿ ಮೊಮ್ಮಗು ಇಬ್ಬರೂ ಐದು ನಿಮಿಷದಲ್ಲಿ ಕಲಿತರು. ಸ್ವಲ್ಪ ದಿನದಲ್ಲೇ ಜನ ಇನ್ನೊಂದನ್ನೂ ಕಂಡುಕೊಂಡರು: ಸೋಫಾದ ಮೇಲೆ ಕೂತು ಮಣಿಕಟ್ಟು ಅಲುಗಿಸಿದರೂ ಆಟ ನಡೆಯುತ್ತದೆ. ಎದ್ದು ನಿಂತು ಬೀಸಿದವರ ಪಾಡು ಬೇರೆ. ರಿಮೋಟು ಕೈಜಾರಿ ಟಿವಿಗೆ ಬಡಿದ ದೂರುಗಳು ಬಂದು, 2006ರ ಡಿಸೆಂಬರ್‌ನಲ್ಲಿ ನಿಂಟೆಂಡೊ 32 ಲಕ್ಷ ಕೈಪಟ್ಟಿಗಳನ್ನು ಬದಲಿಸಿಕೊಡುವುದಾಗಿ ಹೇಳಬೇಕಾಯಿತು.

ಕ್ರಿಕೆಟ್ ಯಾಕೆ ಬಗ್ಗಲಿಲ್ಲ

‘ವೀ ಸ್ಪೋರ್ಟ್ಸ್’ನಲ್ಲಿ ಟೆನಿಸ್, ಬೇಸ್‌ಬಾಲ್, ಬೌಲಿಂಗ್, ಗಾಲ್ಫ್, ಬಾಕ್ಸಿಂಗ್ ಇದ್ದವು. ಕ್ರಿಕೆಟ್ ಇರಲಿಲ್ಲ. 2022ರ ‘ನಿಂಟೆಂಡೊ ಸ್ವಿಚ್ ಸ್ಪೋರ್ಟ್ಸ್’ಗೆ ಬ್ಯಾಡ್ಮಿಂಟನ್ ಬಂತು, ಕ್ರಿಕೆಟ್ ಬರಲಿಲ್ಲ. ಆ ಕಂಪನಿಯ ದೊಡ್ಡ ಗಿರಾಕಿಗಳು ಜಪಾನ್, ಅಮೆರಿಕದವರು ಎಂಬುದು ಒಂದು ಕಾರಣವೆಂದು ಊಹಿಸಬಹುದು. ಆದರೆ ಆಟದೊಳಗೇ ತೊಡಕುಗಳಿವೆ.

ಮೊದಲನೆಯದು ಹೊತ್ತು. ಗಂಟೆಗೆ 140 ಕಿಲೋಮೀಟರ್ ವೇಗದ ಚೆಂಡು ಸೆಕೆಂಡಿಗೆ ಸುಮಾರು 39 ಮೀಟರ್ ಹೋಗುತ್ತದೆ. ಒಂದು ಕ್ರೀಸಿನಿಂದ ಇನ್ನೊಂದಕ್ಕೆ 17.68 ಮೀಟರ್. ಅಂದರೆ ಬ್ಯಾಟ್ ಹಿಡಿದವರಿಗೆ ಸಿಗುವುದು ಅರ್ಧ ಸೆಕೆಂಡಿನ ಆಸುಪಾಸು. ಕೈ ಅಲುಗಿದ್ದು ಪರದೆಗೆ ತಲುಪಲು ಸೆಕೆಂಡಿನ ಹತ್ತರಲ್ಲೊಂದು ಪಾಲು ತಡವಾದರೂ ಅಷ್ಟರೊಳಗೆ ಚೆಂಡು ಸುಮಾರು ನಾಲ್ಕು ಮೀಟರ್ ದಾಟಿರುತ್ತದೆ. 2010ರಲ್ಲಿ ಮೈಕ್ರೋಸಾಫ್ಟ್ ತಂದ ‘ಕಿನೆಕ್ಟ್’ ಕೈಯಲ್ಲಿ ಏನೂ ಹಿಡಿಯದೆ ಮೈಯನ್ನೇ ಕ್ಯಾಮೆರಾದಿಂದ ನೋಡುತ್ತಿತ್ತು, ಸೆಕೆಂಡಿಗೆ 30 ಚಿತ್ರದಂತೆ. ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಇದೇ ಚೆಂಡು ಒಂದೂಕಾಲು ಮೀಟರಿಗಿಂತ ಹೆಚ್ಚು ಹೋಗಿರುತ್ತದೆ. ಇಂಥ ಕಡೆ ಆಟ ಮಾಡುವವರಿಗೆ ಉಳಿಯುವ ದಾರಿ ಎರಡು: ಚೆಂಡನ್ನು ನಿಧಾನ ಮಾಡುವುದು, ಇಲ್ಲವೇ ತಡವಾಗಿ ಬೀಸಿದರೂ ಸರಿಯಾಗಿ ಬೀಸಿದರೆಂದು ಒಪ್ಪಿಕೊಳ್ಳುವುದು.

ಎರಡನೆಯದು ಕಾಲು. ಮುಂಗಾಲು, ಹಿಂಗಾಲು ನಿರ್ಧಾರವಾಗದೆ ಕ್ರಿಕೆಟ್ ಹೊಡೆತವೇ ಇಲ್ಲ. ಕೈಯೊಳಗಿನ ರಿಮೋಟಿಗೆ ಕಾಲು ಕಾಣುವುದಿಲ್ಲ. ಮೂರನೆಯದು ಭಾರ. ಕಾಯಿ ಸುಲಿಯುವವರನ್ನು ನೋಡಿ. ನೆಲಕ್ಕೆ ನೆಟ್ಟ ಚೂಪು ಕಬ್ಬಿಣಕ್ಕೆ ಕಾಯಿ ಕುಕ್ಕಿ, ಮೂರ್ನಾಲ್ಕು ತಿರುವಿಗೆ ಸಿಪ್ಪೆ ಬಿಡಿಸುತ್ತಾರೆ. ಎಷ್ಟು ಒತ್ತಬೇಕು, ಎಲ್ಲಿ ತಿರುಚಬೇಕು ಎಂಬುದನ್ನು ಕಾಯಿಯೇ ಅವರ ಕೈಗೆ ಹೇಳುತ್ತದೆ. ಕಾಯಿ ಇಲ್ಲದೆ ಬರಿಗಾಳಿಯಲ್ಲಿ ಅದೇ ಕೈಯಾಟ ಮಾಡಿಸಿದರೆ ಅದು ಅಭಿನಯ. ಬ್ಯಾಟಿಗೆ ಚೆಂಡು ತಾಗಿದ ಏಟು ಅಂಗೈಗೆ ಬಾರದ ಆಟಕ್ಕೂ ಇದೇ ಮಾತು ಸಲ್ಲುತ್ತದೆ.

ಆದರೂ ಯತ್ನಗಳು ನಡೆದವು. 2009ರ ‘ಆಶಸ್ ಕ್ರಿಕೆಟ್’ ಬೇರೆ ಯಂತ್ರಗಳ ಜೊತೆ ವೀಗೂ ಬಂತು. ಸೋನಿ 2010ರಲ್ಲಿ ‘ಮೂವ್’ ಎಂಬ, ತುದಿಯಲ್ಲಿ ಬಣ್ಣದ ಗುಂಡು ಬೆಳಗುವ ಕೋಲು ತಂದಿತು. ಕ್ಯಾಮೆರಾ ಆ ಗುಂಡನ್ನು ಹಿಂಬಾಲಿಸಿ ಕೈ ಎಲ್ಲಿದೆ ಎಂದು ತಿಳಿಯುತ್ತಿತ್ತು. ಅದಕ್ಕಾಗಿ ಮುಂಬೈಯ ಟ್ರೈನ್ ಕಂಪನಿ ‘ಮೂವ್ ಸ್ಟ್ರೀಟ್ ಕ್ರಿಕೆಟ್’ ಮಾಡಿತು. ಗಲ್ಲಿ ಕ್ರಿಕೆಟ್ಟನ್ನೇ ಆರಿಸಿಕೊಂಡದ್ದು ನಮಗೆ ಸರಿಯೆನ್ನಿಸುತ್ತದೆ. ಗಲ್ಲಿಯಲ್ಲಿ ಚೆಂಡೂ ನಿಧಾನ, ನಿಯಮವೂ ಸಡಿಲ. 2014ರ ‘ಡಾನ್ ಬ್ರಾಡ್‌ಮನ್ ಕ್ರಿಕೆಟ್ 14’ ಇನ್ನೊಂದು ದಾರಿ ಹಿಡಿಯಿತು: ಚಲನೆಯ ಸಂವೇದಕವೇ ಬೇಡ, ಎಡಗಡ್ಡಿ ಕಾಲಿಗೆ, ಬಲಗಡ್ಡಿ ಬ್ಯಾಟಿಗೆ. 2018ರ ಹೊತ್ತಿಗೆ ಹೈದರಾಬಾದಿನ ಪ್ರೊಯುಗ ಕಂಪನಿಯ ‘ಐಬಿ ಕ್ರಿಕೆಟ್’, ಕಣ್ಣಿಗೆ ವಿ.ಆರ್. ಪೆಟ್ಟಿಗೆ ಕಟ್ಟಿ, ಕೈಗೆ ಬ್ಯಾಟನ್ನೇ ಕೊಟ್ಟು ಆಡಿಸಿತು.

ಆಟದಿಂದ ಅಂಗಳಕ್ಕೆ

ಇಲ್ಲಿಂದ ಕಥೆ ಮಗ್ಗುಲು ಬದಲಿಸುತ್ತದೆ, ನಮ್ಮ ರಾಜ್ಯಕ್ಕೂ ಬರುತ್ತದೆ. ಆಟದ ಯಂತ್ರ, ಮೊಬೈಲುಗಳು ಕೋಟಿಗಟ್ಟಲೆ ಮಾರಾಟವಾಗಿ ಈ ಚಿಪ್ಪುಗಳು ಅಗ್ಗವಾದವು, ಹಗುರವಾದವು. ಆಗ ಅವನ್ನು ನಿಜವಾದ ಬ್ಯಾಟಿಗೇ ಯಾಕೆ ಅಂಟಿಸಬಾರದು ಎಂಬ ಪ್ರಶ್ನೆ ಎದ್ದಿತು. ಅನಿಲ್ ಕುಂಬ್ಳೆ ಟೆಸ್ಟ್‌ನಲ್ಲಿ 619 ವಿಕೆಟ್ ಪಡೆದವರು ಎಂದು ಎಲ್ಲರಿಗೂ ಗೊತ್ತು; ಬೆಂಗಳೂರಿನ ಆರ್.ವಿ. ಕಾಲೇಜಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವರು ಎಂಬುದು ಎಲ್ಲರಿಗೂ ನೆನಪಿರುವುದಿಲ್ಲ. ಅವರು ಕಟ್ಟಿದ ಸ್ಪೆಕ್ಟಾಕಾಂ ಕಂಪನಿ 2018ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ಜೊತೆ ಸೇರಿ ‘ಪವರ್ ಬ್ಯಾಟ್’ ಬಿಡುಗಡೆ ಮಾಡಿತು. ಬ್ಯಾಟಿನ ಭುಜದ ಹಿಂದೆ ಅಂಟುವ ಹಗುರವಾದ ಸ್ಟಿಕರು, ಬ್ಯಾಟಿನ ವೇಗ, ತಿರುಚು, ಚೆಂಡು ಬ್ಯಾಟಿನ ಯಾವ ಭಾಗಕ್ಕೆ ತಾಗಿತು ಎಂಬುದನ್ನು ಅಳೆದು ಅಂಕಿ ಕೊಡುತ್ತದೆ. ಬೆಂಗಳೂರಿನದೇ ‘ಸ್ಟ್ರೇಟ್‌ಬ್ಯಾಟ್’ ಕಂಪನಿಯೂ ಬ್ಯಾಟಿನ ಬೆನ್ನಿಗೆ ಕೂರುವ ಸಂವೇದಕ ಮಾಡಿ, ಮೊಬೈಲಿನಲ್ಲಿ ಹೊಡೆತದ ದಾರಿ ತೋರಿಸುತ್ತದೆ.

ಇಲ್ಲಿ ಭಾರವೂ ಇದೆ, ಚೆಂಡಿನ ಏಟೂ ಇದೆ. ಸೋಫಾದ ಮೇಲೆ ಕೂತು ಮೋಸ ಮಾಡಲು ಬರುವುದಿಲ್ಲ. ಆಟಕ್ಕೆ ದಕ್ಕದೆ ಹೋದದ್ದು ಅಂಗಳದಲ್ಲಿ ದಕ್ಕಿತು. ಆದರೆ ಕೈಯ ಚಲನೆ ಅಂಕಿಯಾದ ಕೂಡಲೇ ಅದನ್ನು ಹೋಲಿಸಬಹುದು, ಸಾಲಾಗಿ ನಿಲ್ಲಿಸಬಹುದು, ಕೊನೆಯಲ್ಲಿ ನಿಂತವರನ್ನು ಕೈಬಿಡಬಹುದು. ಗಜಕಡ್ಡಿ ಎಂದದ್ದು ಇದಕ್ಕೆ.

ನಮ್ಮ ಮೂರು ತಾಲ್ಲೂಕಿನ ಹುಡುಗರು ಬ್ಯಾಟಿಂಗ್ ಕಲಿಯುವುದು ಹೇಗೆ ಎಂದು ವರದಿಗೆ ಓಡಾಡುವ ನಮಗೆ ಗೊತ್ತು. ಮೊದಲ ಬ್ಯಾಟು ಉದುರಿದ ತೆಂಗಿನ ಗರಿಯ ಬುಡದ ಮಟ್ಟೆ, ಮಚ್ಚಿನಿಂದ ಕೆತ್ತಿದ್ದು. ಒಂದು ಮಗ್ಗುಲು ಉಬ್ಬು, ಒಂದು ಮಗ್ಗುಲು ತಗ್ಗು. ಹಸಿಯಿದ್ದಾಗ ಭಾರ, ಒಣಗಿದಾಗ ಹಗುರ. ಅಂಗಳ ಅಂದರೆ ತೋಟದ ಎರಡು ಸಾಲಿನ ನಡುವಿನ ಜಾಗ. ಕವರ್‌ನಲ್ಲೂ ಮರ, ಮಿಡ್‌ವಿಕೆಟ್‌ನಲ್ಲೂ ಮರ. ಹಾಗಾಗಿ ನೇರ ಹೊಡೆಯುವುದನ್ನು ಯಾರೂ ಹೇಳಿಕೊಡದೆಯೇ ಮರಗಳು ಕಲಿಸುತ್ತವೆ. ಇಂಥ ಕೈ ಮೊದಲ ಸಲ ವಿಲೋ ಬ್ಯಾಟು ಹಿಡಿದಾಗ ಬರುವ ಅಂಕಿ ಆ ಹುಡುಗನ ಅಂಕಿಯೋ, ಹೊಸ ಬ್ಯಾಟಿನ ಅಂಕಿಯೋ?

ಇನ್ನೊಂದು ಮಗ್ಗುಲೂ ಇದೆ, ಅದನ್ನೂ ಹೇಳಬೇಕು. ಇವತ್ತು ತಾಲ್ಲೂಕು ಕ್ರೀಡಾಕೂಟದಲ್ಲಿ ಆಯ್ಕೆ ನಡೆಯುವುದು ಪಿ.ಟಿ. ಮೇಷ್ಟ್ರ ಕಣ್ಣಿನ ಮೇಲೆ, ಕೆಲವೊಮ್ಮೆ ಪರಿಚಯದ ಮೇಲೆ. ಚಿಕ್ಕನಾಯಕನಹಳ್ಳಿಯ ಹುಡುಗಿಯೊಬ್ಬಳ ಬ್ಯಾಟಿನ ವೇಗ ಬೆಂಗಳೂರಿನ ಅಕಾಡೆಮಿಯ ಹುಡುಗಿಯದಕ್ಕಿಂತ ಹೆಚ್ಚಿದೆ ಎಂದು ಅಂಕಿಯೇ ಹೇಳಿದರೆ, ಆ ಅಂಕಿಯನ್ನು ತಳ್ಳಿಹಾಕುವುದು ಅಷ್ಟು ಸುಲಭವಲ್ಲ. ಶಿಫಾರಸು ಇಲ್ಲದವರಿಗೆ ಅಂಕಿಯೂ ಒಂದು ಶಿಫಾರಸು. ಹಾಗಾಗಿ ಈ ಯಂತ್ರ ಬೇಡ ಎಂದು ನಾವು ಹೇಳುವುದಿಲ್ಲ.

ವೀ ಸ್ಪೋರ್ಟ್ಸ್‌ನಿಂದ ಪವರ್ ಬ್ಯಾಟ್‌ವರೆಗಿನ ಹನ್ನೆರಡು ವರ್ಷ ಕಲಿಸಿದ ಪಾಠ ಇಷ್ಟು: ಸಂವೇದಕ ಕಂಡದ್ದನ್ನು ಹೇಳುತ್ತದೆ, ಕಾಣದ್ದನ್ನು ಇಲ್ಲವೆಂದು ಎಣಿಸುತ್ತದೆ. ಆದ್ದರಿಂದ ನಮ್ಮ ಶಾಲೆಗಾಗಲಿ ಕ್ರೀಡಾಕೂಟಕ್ಕಾಗಲಿ ಯಾರಾದರೂ ಇಂಥ ಬ್ಯಾಟು ತಂದರೆ ಮೇಷ್ಟ್ರು, ಪೋಷಕರು ಮೂರು ಮಾತು ಕೇಳಲಿ. ಇದಕ್ಕೆ ಕಾಲು ಕಾಣುತ್ತದೆಯೇ? ಈ ಬ್ಯಾಟಿನ ತೂಕಕ್ಕೆ ಕೈ ಒಗ್ಗಲು ಮಕ್ಕಳಿಗೆ ಎಷ್ಟು ದಿನ ಕೊಡುತ್ತೀರಿ? ಅಳೆದ ಅಂಕಿ ಯಾರ ಹತ್ತಿರ ಉಳಿಯುತ್ತದೆ? ಮೂರಕ್ಕೂ ಸರಿಯಾದ ಉತ್ತರ ಸಿಕ್ಕರೆ ಸಾಲಾಗಿ ನಿಲ್ಲಿಸಿ, ಅಳೆಯಲಿ. ನಮ್ಮ ತೋಟದ ಸಾಲಿನಲ್ಲಿ ನೇರ ಹೊಡೆಯಲು ಕಲಿತ ಕೈಗಳು ಆ ಅಂಕಿಗೆ ಹೆದರಬೇಕಾಗಿಲ್ಲ.