ಹೊಳಿ ದಾಟಿದ್ರ ರೊಕ್ಕ ಬ್ಯಾರೆ

ಅಕ್ಕ-ತಂಗೇರ, ಈಗ ನಮ್ಮ ಕಡೆ ಓಣಿಗೊಬ್ರಾದ್ರೂ ಕೆಲಸದ ಮ್ಯಾಲೆ ಫಾರಿನ್ನಿಗೆ ಹೋಗಿ ಬರೋರು ಅದಾರ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಾಗ ಇರೋರು, ಬೆಂಗಳೂರಾಗ ಸಾಫ್ಟ್‌ವೇರ್ ಕೆಲಸ ಮಾಡೋರು, ವರ್ಷಕ್ಕ ಮೂರು ನಾಕು ಸಲ ಪೆಟ್ಟಿಗೆ ಕಟ್ಟತಾರ. ಚಟ್ನಿಪುಡಿ, ಉಪ್ಪಿನಕಾಯಿ ಕಟ್ಟಿಕೊಡೋದು ನಮಗ ಗೊತ್ತೈತಿ. ಆದ್ರ "ಯಾವ ಕಾರ್ಡ್ ಒಯ್ಯಲಿ?" ಅಂತ ಕೇಳಿದ್ರ ನಾವು ಸುಮ್ನಾಗ್ತೀವಿ. ಸುಮ್ನಾಗೋದು ಬ್ಯಾಡ. ಈ ಪ್ರಶ್ನೆ ಹೊಸದಲ್ಲ, ನಮ್ಮ ಊರಿಗಂತೂ ಐದುನೂರು ವರ್ಷದ್ದು. ಪರಸ್ಥಳಕ್ಕ ಹೋಗೋರು ಯಾವಾಗ್ಲೂ ಮೂರೇ ಮಾತು ಕೇಳ್ಯಾರ. ನನ್ನ ರೊಕ್ಕ ಅಲ್ಲಿ ನಡಿತೈತೇನು? ಬದಲಿ ಮಾಡೋರು ಎಷ್ಟು ಮುರ್ಕೊಂತಾರ? ಕಳದ್ರ ಯಾರ ಹೊಣಿ?

ಮೊದಲು ಹಂಪಿ ನೋಡ್ರಿ. 1443ರಾಗ ಪರ್ಷಿಯಾದ ಕಡಿಂದ ಅಬ್ದುಲ್ ರಜಾಕ್ ಅನ್ನೋ ರಾಯಭಾರಿ ವಿಜಯನಗರಕ್ಕ ಬಂದಿದ್ದ. ಇಲ್ಲಿನ ನಾಣ್ಯದ ಲೆಕ್ಕ ಬರದಿಟ್ಟಾನ. ಬಂಗಾರದ್ದು ವರಹ, ಅದರ ಅರ್ಧ ಪ್ರತಾಪ, ಪ್ರತಾಪದ ಹತ್ತನೇ ಪಾಲು ಹಣ. ಅಂದ್ರ ಒಂದು ವರಹಕ್ಕ ಇಪ್ಪತ್ತು ಹಣ. ಹಣದ ಕೆಳಗ ಬೆಳ್ಳಿದು ತಾರ, ಅದರ ಕೆಳಗ ತಾಮ್ರದ್ದು ಜೀತಲ್. ನಾವು ಇವತ್ತು ರೊಕ್ಕಕ್ಕ "ಹಣ" ಅಂತೀವಲ್ಲ, ಅದು ಅವಾಗ ಒಂದು ಸಣ್ಣ ಬಂಗಾರದ ನಾಣ್ಯದ ಹೆಸರು.

ಕೃಷ್ಣದೇವರಾಯರ ಕಾಲಕ್ಕ, ಸುಮಾರು 1520ರಾಗ, ಪೋರ್ಚುಗಲ್ಲಿನ ಡೊಮಿಂಗೊ ಪಾಯೆಸ್ ಬಂದ. ಇಲ್ಲಿಯ ಬಂಗಾರದ ನಾಣ್ಯಕ್ಕ ಅವನ ಮಂದಿ "ಪರ್ದಾವೊ" ಅಂತಿದ್ರು. ಈ ನಾಣ್ಯ ಇಂಡಿಯಾದ ತುಂಬ ನಡಿತೈತಿ ಅಂತ ಅವನೇ ಬರದಾನ. ಒರ್ಮುಜ್ ಕಡಿಂದ ಸಮುದ್ರದ ಮ್ಯಾಲೆ ಕುದುರಿ ತಂದು ಮಾರೋರೂ ಇದೇ ನಾಣ್ಯದಾಗ ಎಣಿಸಿಕೊಂಡು ಹೋಗ್ತಿದ್ರು. ಯಾಕ? ಅದರಾಗ ಬಂಗಾರ ಎಷ್ಟೈತಿ ಅನ್ನೋ ನಂಬಿಗಿ ಇತ್ತು. ಇವತ್ತು ಕಾರ್ಡಿನ ಮ್ಯಾಲೆ ವೀಸಾ, ಮಾಸ್ಟರ್‌ಕಾರ್ಡ್, ರುಪೇ ಅಂತ ಗುರುತು ಇರತೈತಲ್ಲ, ಅಂಗಡಿಯವ ಆ ಗುರುತು ನೋಡಿ ನಂಬತಾನ. ಅವಾಗ ವರಹದ ಮ್ಯಾಲಿನ ಮುದ್ರಿ ನೋಡಿ ನಂಬತಿದ್ದ.

ಆದ್ರ ಬಂಗಾರ ಭಾರ, ದಾರ್ಯಾಗ ಕಳ್ಳರು. ಅದಕ್ಕ ವ್ಯಾಪಾರಸ್ಥರು ಹುಂಡಿ ಕಂಡುಕೊಂಡ್ರು. ಇದು ತಿರುಪತಿ ಹುಂಡಿ ಅಲ್ಲರಿ. ಈ ಊರ ಸಾವ್ಕಾರನ ಹತ್ರ ರೊಕ್ಕ ಕಟ್ಟಿದ್ರ ಅವ ಒಂದು ಚೀಟಿ ಕೊಡ್ತಿದ್ದ, ಆ ಊರಾಗ ಅವನ ಕಡೆಯವ್ರಿಗೆ ತೋರಿಸಿದ್ರ ರೊಕ್ಕ ಸಿಗ್ತಿತ್ತು. ತೋರಿಸಿದ ಕೂಡ್ಲೆ ಕೊಡಬೇಕಾದದ್ದು ದರ್ಶನಿ ಹುಂಡಿ, ಇಷ್ಟು ದಿನ ಆದಮ್ಯಾಲೆ ಕೊಡಬೇಕಾದದ್ದು ಮುದ್ದತಿ ಹುಂಡಿ. ಹುಂಡಿ ಕಳದ್ರ ಎರಡನೇ ಪ್ರತಿ ಬರಕೊಡೋ ಪದ್ಧತಿನೂ ಇತ್ತು, ಅದಕ್ಕ ಪೈಠ ಅಂತಿದ್ರು. ನನಗ ಅನ್ನಿಸೋದು, ಈಗಿನ ಡೆಬಿಟ್ ಕಾರ್ಡು ದರ್ಶನಿ, ತೋರಿಸಿದ ಕೂಡ್ಲೆ ಖಾತೆದಿಂದ ಹೋತು. ಕ್ರೆಡಿಟ್ ಕಾರ್ಡು ಮುದ್ದತಿ. ಮುದ್ದತು ಮೀರಿದ್ರ ಬಡ್ಡಿ ಬಿಡಂಗಿಲ್ಲ, ಅವಾಗೂ ಇಲ್ಲ, ಈಗೂ ಇಲ್ಲ.

ಇನ್ನ ನಮ್ಮ ಡ್ಯಾಮಿನ ಕತಿ. ಫಾರಿನ್ ಅಂದ್ರ ವಿಮಾನ ಹತ್ತಬೇಕು ಅಂತ ತಿಳ್ಕೋಬ್ಯಾಡ್ರಿ. 1945ರಾಗ ಡ್ಯಾಂ ಕೆಲಸ ಶುರುವಾದಾಗ ಹೊಸಪೇಟಿ ಕಡಿದು ಮದ್ರಾಸ್ ಸರ್ಕಾರದ್ದು, ಮುನಿರಾಬಾದ್ ಕಡಿದು ಹೈದರಾಬಾದಿನ ನಿಜಾಮರದು. ಗ್ವಾಡಿ ಒಂದೇ, ಕಟ್ಟೋ ಸರ್ಕಾರ ಎರಡು, ರೊಕ್ಕನೂ ಎರಡು! ಈ ದಂಡ್ಯಾಗ ಬ್ರಿಟಿಷರ ರೂಪಾಯಿ, ಅದಕ್ಕ ಕಲದಾರ್ ಅಂತಿದ್ರು. ಆ ದಂಡ್ಯಾಗ ನಿಜಾಮರ ಹಾಲಿ ಸಿಕ್ಕಾ, ಚಾರ್‌ಮಿನಾರ್ ಚಿತ್ರ ಇದ್ದ ರೂಪಾಯಿ. ಎರಡಕ್ಕೂ ರೂಪಾಯಿ ಅಂತಾನೇ ಹೆಸರು, ಬೆಲಿ ಮಾತ್ರ ಒಂದಲ್ಲ. ಏಳು ಹಾಲಿ ಸಿಕ್ಕಾಕ್ಕ ಆರು ಕಲದಾರ್. ನೂರು ಕಲದಾರ್ ಬೇಕಂದ್ರ 116 ರೂಪಾಯಿ 10 ಆಣೆ 8 ಪೈ ಹಾಲಿ ಕೊಡಬೇಕು. ಇದು ಗೊತ್ತಿಲ್ಲದೆ ರೂಪಾಯಿಗೆ ರೂಪಾಯಿ ಅಂತ ಎಣಿಸಿಕೊಂಡವ್ರಿಗೆ ಏಳರಾಗ ಒಂದು ಹೋತು. ಬದಲಿ ಮಾಡಿಕೊಡೋರು ಮುರ್ಕೊಳ್ಳೋದಕ್ಕ ನಮ್ಮ ಹಿರ್ಯಾರು ವಟ್ಟ, ವಟಾವು ಅಂತಿದ್ರು. 1948ಕ್ಕ ಹೈದರಾಬಾದ್ ಭಾರತಕ್ಕ ಸೇರಿತು, 1953ರಾಗ ಡ್ಯಾಂನ್ಯಾಗ ನೀರು ನಿಂತಿತು, ಆದ್ರೂ ಹಾಲಿ ಸಿಕ್ಕಾ ಪೂರ್ತಿ ರದ್ದಾಗಿದ್ದು 1959ಕ್ಕ.

ಸ್ವಾತಂತ್ರ್ಯ ಬಂದಮ್ಯಾಲೆ ದೇಶದಾಗ ಡಾಲರಿನ ಬರ. 1973ರ ಫೆರಾ ಕಾಯ್ದಿ ಬಾಳ ಬಿಗಿ. ಆ ಕಾಲಕ್ಕ ಅಮೆರಿಕಾಕ್ಕ ಓದಾಕ ಹೋದ ಎಷ್ಟೋ ಮಂದಿ ಎಂಟು ಡಾಲರ್ ಕಿಸೆದಾಗ ಇಟ್ಕೊಂಡು ವಿಮಾನ ಇಳದೀವಿ ಅಂತ ಇವತ್ತಿಗೂ ಹೇಳತಾರ. ಕೆಲಸದ ಮ್ಯಾಲೆ ಹೋಗೋರು ಟ್ರಾವೆಲರ್ಸ್ ಚೆಕ್ ಒಯ್ತಿದ್ರು. 1891ರಾಗ ಅಮೆರಿಕನ್ ಎಕ್ಸ್‌ಪ್ರೆಸ್ ಶುರುಮಾಡಿದ್ದು ಅದು. ತಗೊಳ್ಳುವಾಗ ಒಂದು ಸಹಿ, ಖರ್ಚು ಮಾಡುವಾಗ ಇನ್ನೊಂದು. ಎರಡೂ ಕೂಡಿದ್ರ ರೊಕ್ಕ, ಕಳದ್ರ ಬ್ಯಾರೆ ಕೊಡ್ತಿದ್ರು. ಹುಂಡಿಯ ಮೊಮ್ಮಗಳು ಅನ್ನಬಹುದು.

ಕಾರ್ಡು 1950ರಾಗ ನ್ಯೂಯಾರ್ಕಿನ್ಯಾಗ ಹುಟ್ಟಿದ್ದು, ಡೈನರ್ಸ್ ಕ್ಲಬ್ ಅಂತ. ಹೋಟೆಲ್ಲಿನ ಬಿಲ್ ಕೊಡಾಕ ಮಾಡಿದ್ದು. ನಮ್ಮ ದೇಶಕ್ಕ 1961ರಾಗ ಬಂತು. 1980ರಾಗ ಸೆಂಟ್ರಲ್ ಬ್ಯಾಂಕಿನವ್ರು ತಮ್ಮದೇ ಕ್ರೆಡಿಟ್ ಕಾರ್ಡ್ ತಂದ್ರು. 2000ನೇ ಇಸವಿ ಜೂನಿನ್ಯಾಗ ಫೆರಾ ಹೋಗಿ ಫೆಮಾ ಬಂತು, ಬಿಗಿ ಸಡಲಾತು. 2012ಕ್ಕ ನಮ್ಮದೇ ರುಪೇ ಬಂತು.

ಈಗ ಹಳೇ ಮೂರು ಪ್ರಶ್ನೆನ ಹೊಸ ಕಾರ್ಡಿಗೆ ಹಾಕೋಣ.

ಮೊದಲ್ನೇದು, ನಡಿತೈತೇನು? 2020ರಿಂದ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಹೊಸ ಕಾರ್ಡು ದೇಶದೊಳಗ ಮಾತ್ರ ನಡಿಯೋ ಹಂಗ ಬರತಾವ. ಹೊರಗಿನ ಬಳಕಿಗೆ ಆ್ಯಪಿನ್ಯಾಗ ನಾವೇ ಚಾಲೂ ಮಾಡಬೇಕು, ಮಿತಿ ಹಾಕಬೇಕು. ಊರು ಬಿಡೋಕ ಮುಂಚೆನೇ ಮಾಡ್ರಿ. ಓಟಿಪಿ ಬರೋ ನಂಬರಿಗೆ ರೋಮಿಂಗ್ ಐತೋ ಇಲ್ಲೋ ನೋಡ್ರಿ.

ಎರಡ್ನೇದು, ವಟ್ಟ ಎಷ್ಟು? ಬಾಳಷ್ಟು ಕ್ರೆಡಿಟ್ ಕಾರ್ಡಿನ್ಯಾಗ ಹೊರಗ ಖರ್ಚು ಮಾಡಿದ್ದಕ್ಕ ಶೇಕಡಾ 2ರಿಂದ 3.5ರ ತನಕ ಮಾರ್ಕಪ್ ಹಾಕತಾರ, ಅದರ ಮ್ಯಾಲೆ ಶೇಕಡಾ 18 ಜಿಎಸ್‌ಟಿ. ಎರಡು ಲಕ್ಷ ಖರ್ಚಾತು ಅನ್ರಿ. 3.5ರಂಗ 7,000, ಜಿಎಸ್‌ಟಿ 1,260, ಒಟ್ಟು 8,260 ರೂಪಾಯಿ. ಶೇಕಡಾ 2 ಇದ್ರ 4,720. ವರ್ಷಕ್ಕ ನಾಕು ಸಲ ಹೋಗೋರಿಗೆ ಈ ಫರಕಿನ್ಯಾಗ ಹದಿನಾಕು ಸಾವಿರದ ಮ್ಯಾಲೆ ಆತು. ಮಾರ್ಕಪ್ಪೇ ಇಲ್ಲದ ಕಾರ್ಡೂ ಅದಾವ, ವರ್ಷದ ಫೀಜು ಕೂಡಿಸಿ ನೋಡಬೇಕು. ಫಾರೆಕ್ಸ್ ಕಾರ್ಡಿನ್ಯಾಗ ತುಂಬಿಸಿದ ದಿನದ ದರನೇ ಖಾಯಂ. ಆದ್ರ ಡಾಲರ್ ತುಂಬಿಸಿ ಯೂರೋ ಖರ್ಚು ಮಾಡಿದ್ರ ಮತ್ತ ವಟ್ಟ ಬೀಳತೈತಿ. ಇನ್ನೊಂದು, ಅಲ್ಲಿನ ಅಂಗಡಿ ಮಷಿನ್ನು "ರೂಪಾಯಿನ್ಯಾಗ ಕೊಡ್ತೀರೇನು?" ಅಂತ ಕೇಳಿದ್ರ ಬ್ಯಾಡ ಅನ್ನಬೇಕು, ಆ ದೇಶದ ರೊಕ್ಕದಾಗೇ ಕೊಡಬೇಕು. ನಮ್ಮ ರೂಪಾಯಿ ಹೆಸರು ಕಂಡು ಹಿಗ್ಗಿದ್ರ ಹಾಲಿ ಸಿಕ್ಕಾದ ಕತಿನೇ, ದರ ಅವ್ರು ಹಾಕಿದ್ದು. ಕ್ರೆಡಿಟ್ ಕಾರ್ಡಿಂದ ಎಟಿಎಂನ್ಯಾಗ ರೊಕ್ಕ ತಗದ್ರ ಅವತ್ತಿಂದಲೇ ಬಡ್ಡಿ.

ಮೂರ್ನೇದು, ಹೊಣಿ ಯಾರದು? ನಮ್ಮ ಓಣಿ ಹುಡುಗಿ ಒಬ್ಬಾಕಿ ಕೆಲಸಕ್ಕಂತ ಜರ್ಮನಿಗೆ ಹೋಗಿಬಂದ್ಲು. ಹೋಟೆಲ್, ರೈಲು ಎಲ್ಲಾ ತನ್ನ ಕಾರ್ಡಿಂದ ಕೊಟ್ಲು. ಕಂಪನಿಯವ್ರು ಬಿಲ್ ಪಾಸ್ ಮಾಡಾಕ ಎರಡು ತಿಂಗಳು ತಗೊಂಡ್ರು, ಕಾರ್ಡಿನ ಮುದ್ದತು ಮುಗದಿತ್ತು. ಅವರವ್ವ ಚೀಟಿ ರೊಕ್ಕ ಎತ್ತಿ ಕಟ್ಟಿದ್ಲು. ಕಂಪನಿಯ ಕೆಲಸಕ್ಕ ಮನಿ ರೊಕ್ಕ ಸಾಲ ಕೊಟ್ಟಂಗ ಆತಲ್ಲ! ಅದಕ್ಕ ಹೋಗೋ ಮುಂಚೆ ಕೇಳ್ರಿ: ಕಂಪನಿ ಕಾರ್ಡ್ ಕೊಡ್ತಾರೇನು, ಮುಂಗಡ ಕೊಡ್ತಾರೇನು, ಮಾರ್ಕಪ್ಪು ಯಾರ ಮ್ಯಾಲೆ, ಯಾವ ದಿನದ ದರ ಹಿಡಿತಾರ, ಎಷ್ಟು ದಿನಕ್ಕ ವಾಪಸ್ ಕೊಡ್ತಾರ. ಕಾರ್ಡಿನ ಮುದ್ದತು ಸಾಮಾನ್ಯವಾಗಿ 45-50 ದಿನದ ಒಳಗ ಇರತೈತಿ, ಎರಡೂ ದಿನ ಕೂಡಿಸಿ ನೋಡ್ರಿ.

ನನ್ನ ಲೆಕ್ಕದಾಗ, ಪದೇ ಪದೇ ಹೋಗೋರಿಗೆ ಮಾರ್ಕಪ್ ಕಡಿಮಿ ಇರೋ ಕ್ರೆಡಿಟ್ ಕಾರ್ಡೊಂದು ಹೋಟೆಲ್ಲಿಗೆ, ಫಾರೆಕ್ಸ್ ಕಾರ್ಡೊಂದು ದಿನದ ಖರ್ಚಿಗೆ, ಸ್ವಲ್ಪ ಆ ದೇಶದ ನೋಟು ಕೈಯಾಗ. ಕಾರ್ಡು ಎರಡೂ ಒಂದೇ ಪರ್ಸಿನ್ಯಾಗ ಬ್ಯಾಡ. ಕಳದ್ರ ಆ ಕ್ಷಣಕ್ಕ ಆ್ಯಪಿನ್ಯಾಗ ಬಂದ್ ಮಾಡಬೇಕು, ಬ್ಯಾಂಕಿಗೆ ತಿಳಿಸಬೇಕು. ಬ್ಯಾಂಕಿನ ಫೋನ್ ನಂಬರ್ ಒಂದು ಚೀಟಿನ್ಯಾಗ ಬರದು ಪೆಟ್ಟಿಗ್ಯಾಗ ಇಡ್ರಿ, ಇನ್ನೊಂದು ಚೀಟಿ ಮನ್ಯಾಗ ನಿಮ್ಮ ಹತ್ರ ಇರಲಿ. ಇಷ್ಟು ಕೇಳಾಕ ಕಾಲೇಜು ಡಿಗ್ರಿ ಬೇಕಾಗಿಲ್ಲ, ಸಂತ್ಯಾಗ ತಕ್ಕಡಿ ನೋಡೋ ಕಣ್ಣಿದ್ರ ಸಾಕು.