ನ್ಯೂಟನ್‌ರ ಚಲನೆಯ ನಿಯಮಗಳು

ನ್ಯೂಟನ್‌ರ ಚಲನೆಯ ನಿಯಮಗಳು ವಸ್ತುವಿನ ಮೇಲೆ ವರ್ತಿಸುವ ಬಲಕ್ಕೂ ಅದರ ಚಲನೆಗೂ ಇರುವ ಸಂಬಂಧವನ್ನು ನಿರೂಪಿಸುವ ಮೂರು ನಿಯಮಗಳು. ಇಂಗ್ಲೆಂಡಿನ ವಿಜ್ಞಾನಿ ಐಸಾಕ್ ನ್ಯೂಟನ್ ಇವನ್ನು 1687ರಲ್ಲಿ ಪ್ರಕಟವಾದ ‘ಪ್ರಿನ್ಸಿಪಿಯಾ’ ಎಂಬ ಲ್ಯಾಟಿನ್ ಗ್ರಂಥದಲ್ಲಿ ಮಂಡಿಸಿದರು.

ಹಿನ್ನೆಲೆ

ವಸ್ತು ಚಲಿಸುತ್ತಲೇ ಇರಬೇಕಾದರೆ ಅದರ ಮೇಲೆ ಸದಾ ಬಲ ವರ್ತಿಸುತ್ತಿರಬೇಕು ಎಂಬ ಅರಿಸ್ಟಾಟಲರ ಅಭಿಪ್ರಾಯ ಶತಮಾನಗಳವರೆಗೆ ಪ್ರಚಲಿತವಾಗಿತ್ತು. ಗೆಲಿಲಿಯೋ ಇದನ್ನು ಅಲ್ಲಗಳೆದರು. ನೆಲದ ಮೇಲೆ ಉರುಳುವ ಚೆಂಡು ನಿಲ್ಲುವುದು ತಳ್ಳಿದ ಬಲ ತೀರಿಹೋದುದರಿಂದಲ್ಲ. ಘರ್ಷಣೆಯೆಂಬ ಬಲವು ಅದನ್ನು ತಡೆಯುವುದರಿಂದ. ಬಲ ಬೇಕಾಗುವುದು ಚಲನೆಯನ್ನು ಉಳಿಸಿಕೊಳ್ಳಲು ಅಲ್ಲ, ಬದಲಾಯಿಸಲು.

ಮೊದಲನೆಯ ನಿಯಮ

ಹೊರಗಿನ ಅಸಮತೋಲಿತ ಬಲ ವರ್ತಿಸದ ಹೊರತು ನಿಶ್ಚಲ ವಸ್ತುವು ನಿಶ್ಚಲವಾಗಿಯೇ ಇರುತ್ತದೆ. ಚಲಿಸುತ್ತಿರುವ ವಸ್ತುವು ಸರಳರೇಖೆಯಲ್ಲಿ ಏಕರೂಪ ವೇಗದಿಂದ ಮುಂದುವರಿಯುತ್ತದೆ. ಈ ಗುಣವೇ ಜಡತ್ವ. ಬಸ್ಸು ಥಟ್ಟನೆ ನಿಂತಾಗ ಪ್ರಯಾಣಿಕರು ಮುಂದಕ್ಕೆ ವಾಲುವುದು ಇದರಿಂದಲೇ.

ಎರಡನೆಯ ನಿಯಮ

ಸಂವೇಗ ಬದಲಾಗುವ ದರವು ಬಲಕ್ಕೆ ಅನುಪಾತದಲ್ಲಿದ್ದು, ಬದಲಾವಣೆಯು ಬಲದ ದಿಕ್ಕಿನಲ್ಲಿಯೇ ಆಗುತ್ತದೆ. ದ್ರವ್ಯರಾಶಿ ಸ್ಥಿರವಾಗಿದ್ದಾಗ, ಬಲ = ದ್ರವ್ಯರಾಶಿ × ವೇಗೋತ್ಕರ್ಷ. 1 ಕಿಲೋಗ್ರಾಂ ವಸ್ತುವಿನ ವೇಗವನ್ನು ಪ್ರತಿ ಸೆಕೆಂಡಿನಲ್ಲಿಯೂ ಸೆಕೆಂಡಿಗೆ 1 ಮೀಟರಿನಷ್ಟು ಬದಲಿಸುವ ಬಲವೇ 1 ನ್ಯೂಟನ್.

ಮೂರನೆಯ ನಿಯಮ

ಪ್ರತಿಯೊಂದು ಕ್ರಿಯೆಗೂ ಸಮನಾದ, ವಿರುದ್ಧ ದಿಕ್ಕಿನ ಪ್ರತಿಕ್ರಿಯೆ ಇರುತ್ತದೆ. ಅಂಬಿಗನ ಹುಟ್ಟು ನೀರನ್ನು ಹಿಂದಕ್ಕೆ ತಳ್ಳಿದರೆ, ನೀರು ಹುಟ್ಟನ್ನೂ ಅದರ ಮೂಲಕ ದೋಣಿಯನ್ನೂ ಮುಂದಕ್ಕೆ ತಳ್ಳುತ್ತದೆ. ಈ ಎರಡು ಬಲಗಳು ಬೇರೆ ಬೇರೆ ವಸ್ತುಗಳ ಮೇಲೆ ವರ್ತಿಸುವುದರಿಂದ ಒಂದನ್ನೊಂದು ಇಲ್ಲವಾಗಿಸುವುದಿಲ್ಲ.