ಒಳಮನೆಯ ಬಳಗ

“ಒಂದು ಮನಸ್ಸು ಹೋಗೆನ್ನುತ್ತದೆ, ಇನ್ನೊಂದು ಬೇಡವೆನ್ನುತ್ತದೆ” ಎಂಬುದು ನಮ್ಮಲ್ಲಿ ದಿನನಿತ್ಯದ ಮಾತು. ಇಂಥ ಮಾತನ್ನು ಅಲಂಕಾರವೆಂದು ತಳ್ಳಿಹಾಕದೆ ಅಕ್ಷರಶಃ ಗ್ರಹಿಸಿದ ಚಿಕಿತ್ಸಕರ ಪರಂಪರೆಯೊಂದು ಪಶ್ಚಿಮದಲ್ಲಿದೆ.

1889ರಲ್ಲಿ ಫ್ರಾನ್ಸಿನ ಪಿಯರ್ ಜಾನೆ ಅವರು, ಎಚ್ಚರದ ಪ್ರಜ್ಞೆಯಿಂದ ಬೇರ್ಪಟ್ಟ ಮನೋಭಾಗಗಳು ತಮ್ಮಷ್ಟಕ್ಕೆ ತಾವೇ ವ್ಯವಹರಿಸುವುದನ್ನು ವಿವರಿಸಿದರು. ಇಟಲಿಯ ರೊಬೆರ್ಟೊ ಅಸಾಜೋಲಿ (1888-1974) ಅವರು ಉಪವ್ಯಕ್ತಿತ್ವಗಳ ಕಲ್ಪನೆಯನ್ನು ಬೆಳೆಸಿ, ಅವುಗಳ ಸಾಮರಸ್ಯವನ್ನೇ ಚಿಕಿತ್ಸೆಯ ಗುರಿಯಾಗಿಸಿದರು. 1940ರಲ್ಲಿ ಫ್ಯಾಸಿಸ್ಟ್ ಸರ್ಕಾರವು ಅವರನ್ನು ಸೆರೆಯಲ್ಲಿಟ್ಟಾಗ, ಆ ಏಕಾಂತವನ್ನು ಅವರು ಧ್ಯಾನಕ್ಕೆ ಬಳಸಿಕೊಂಡರು.

ಈ ವಿಚಾರಕ್ಕೆ ಇಂದಿನ ರೂಪವು ಬಂದುದು 1980ರ ದಶಕದಲ್ಲಿ, ಅಮೆರಿಕದ ಷಿಕಾಗೊದಲ್ಲಿ. ಅಲ್ಲಿ ಕುಟುಂಬ ಚಿಕಿತ್ಸಕರಾಗಿದ್ದ ರಿಚರ್ಡ್ ಶ್ವಾರ್ಟ್ಸ್ ಅವರು, ಮಿತಿಮೀರಿ ತಿಂದು ವಾಂತಿ ಮಾಡಿಕೊಳ್ಳುವ ಬುಲಿಮಿಯಾ ರೋಗಿಗಳನ್ನು ನೋಡುತ್ತಿದ್ದರು. ಮನೆಮಂದಿಯ ಸಂಬಂಧಗಳನ್ನು ಸರಿಪಡಿಸಿದರೂ ರೋಗ ಬಿಡಲಿಲ್ಲ. ರೋಗಿಗಳೇ ತಮ್ಮೊಳಗಿನ ‘ಭಾಗ’ಗಳ ಜಗಳವನ್ನು ಹೇಳತೊಡಗಿದರು. ತನ್ನ ಮೈಯನ್ನು ತಾನೇ ಕೊಯ್ದುಕೊಳ್ಳುತ್ತಿದ್ದ ಒಬ್ಬಾಕೆಯ ಆ ‘ಭಾಗ’ವನ್ನು ಶ್ವಾರ್ಟ್ಸ್ ಪಟ್ಟುಹಿಡಿದು ಮಣಿಸಲೆತ್ನಿಸಿದರು, ಮುಂದಿನ ಭೇಟಿಗೆ ಆಕೆ ಮುಖದ ಮೇಲೆ ದೊಡ್ಡ ಗಾಯದೊಡನೆ ಬಂದಳು. ತಾವು ಸೋತೆವೆಂದು ಅವರು ಒಪ್ಪಿಕೊಂಡರು. ಆಗ ಆ ಭಾಗವೂ ತನಗೆ ಗೆಲ್ಲುವ ಹಂಬಲವಿಲ್ಲವೆಂದಿತು. ಕೊಯ್ದುಕೊಳ್ಳುವಂತೆ ಮಾಡುವುದೇತಕ್ಕೆಂದು ಕೇಳಿದಾಗ, ಬಾಲ್ಯದ ದೌರ್ಜನ್ಯದ ವೇಳೆ ಆಕೆಯನ್ನು ಉಳಿಸಲು ತಾನು ವಹಿಸಿಕೊಂಡ ಕೆಲಸವನ್ನು ಅದು ವಿವರಿಸಿತು. ಬಲಾತ್ಕಾರದಿಂದ ದೊರೆಯದ ಉತ್ತರವು ವಿಚಾರಣೆಯಿಂದ ದೊರೆಯಿತು.

1995ರಲ್ಲಿ ಪ್ರಕಟವಾದ ಅವರ ಗ್ರಂಥವು ಈ ಬಳಗದ ಪಾತ್ರಗಳನ್ನು ನಿರೂಪಿಸುತ್ತದೆ: ನೋವನ್ನು ಹೊತ್ತು ಮೂಲೆಗೆ ತಳ್ಳಲ್ಪಟ್ಟ ಬಹಿಷ್ಕೃತರು, ಮುನ್ನೆಚ್ಚರಿಕೆಯಿಂದ ಮನೆ ನಡೆಸುವ ಮೇಲ್ವಿಚಾರಕರು, ನೋವು ಭುಗಿಲೆದ್ದಾಗ ಹೇಗಾದರೂ ನಂದಿಸಲು ಧಾವಿಸುವ ಅಗ್ನಿಶಾಮಕರು. ಇವರೆಲ್ಲರ ನಡುವೆ ಶಾಂತವಾಗಿರುವ ‘ಸ್ವ’ವೇ ಮನೆಗೆ ಹಿರಿಯನೆಂದು ಅವರ ಮತ.

ಇಲ್ಲಿ ನೀತಿಶಾಸ್ತ್ರದ ಪ್ರಶ್ನೆಯೊಂದು ಏಳುತ್ತದೆ. ಕೆಟ್ಟ ಭಾಗವೆಂಬುದೇ ಇಲ್ಲದಿದ್ದರೆ ಕೆಟ್ಟ ಕೃತ್ಯಕ್ಕೆ ಹೊಣೆ ಯಾರು? “ನಾನಲ್ಲ, ನನ್ನೊಳಗಿನ ಸಿಟ್ಟು ಹೊಡೆಯಿತು” ಎಂಬ ನುಣುಚಿಕೆಗೆ ಇದು ಆಸ್ಪದವೀಯದೇ? ಶ್ವಾರ್ಟ್ಸ್ ಭಾಗದ ಉದ್ದೇಶವನ್ನು ಮನ್ನಿಸುತ್ತಾರೆಯೇ ಹೊರತು ಅದು ಮಾಡಿದ ಹಾನಿಯನ್ನಲ್ಲ. ಆ ಭೇದವು ಚಿಕಿತ್ಸಾಲಯದಲ್ಲಿ ಉಳಿಯಬಹುದು. ಪೆಟ್ಟು ತಿಂದವರೆದುರು ಅದನ್ನು ಆಡುವುದು ಕಷ್ಟ.

ಫಲದ ಪ್ರಮಾಣವೂ ಸಾಲದು. 2013ರಲ್ಲಿ ಪ್ರಕಟವಾದ, 79 ಮಂದಿ ಸಂಧಿವಾತ ರೋಗಿಗಳ ಪರೀಕ್ಷೆಯೊಂದರಲ್ಲಿ ಈ ಚಿಕಿತ್ಸೆ ಪಡೆದವರಿಗೆ ನೋವು ತಗ್ಗಿ, ತಮ್ಮ ಮೇಲೆ ತಮಗೇ ಕರುಣೆ ಹೆಚ್ಚಿದುದು ಕಂಡುಬಂದಿತು. ಅಂಥ ಪರೀಕ್ಷೆಗಳು ಇನ್ನೂ ವಿರಳ. ಪದ್ಧತಿಯ ಪ್ರಸಿದ್ಧಿ ಮಾತ್ರ ಅವುಗಳನ್ನು ಮೀರಿ ಬಹುದೂರ ಸಾಗಿದೆ.